ಜ್ವರದ ಕಾಲಮ್ಮಿನಿಂದ ಎ98.2ರವರೆಗೆ

ಎರಡು ವರ್ಷಕ್ಕೊಮ್ಮೆ ಶಿವಮೊಗ್ಗದ ಕೋಟೆ ರಸ್ತೆ ಮಾರಿ ಜಾತ್ರೆಗೆ ಸಿಂಗರಿಸಿಕೊಳ್ಳುತ್ತದೆ. ಗಾಂಧಿ ಬಜಾರಿನ ತವರುಮನೆಯಲ್ಲಿ ಉಡಿ ತುಂಬಿಸಿಕೊಂಡ ಮಾರಿಕಾಂಬೆ ಕೋಟೆಯ ಗದ್ದುಗೆಗೆ ಬಂದು ಕೂರುತ್ತಾಳೆ. ಸಾಲಿನಲ್ಲಿ ನಿಂತವರ ಕೈಯಲ್ಲಿ ಬೇವಿನ ಸೊಪ್ಪು, ಮಡಿಲಲ್ಲಿ ಮಕ್ಕಳು. ಅವರ ಅಜ್ಜಿಯರ ಕಾಲದಲ್ಲಿ ಈ ಹರಕೆಗೆ ನೇರವಾದ ಕಾರಣವಿತ್ತು. ಮಾರಿ ಎಂದರೆ ಸಿಡುಬು. ಆದರೆ ಮನೆಯಲ್ಲಿ ಸಿಡುಬು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ‘ಮಗುವಿನ ಮೈಮೇಲೆ ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು.

ಆ ‘ಅಮ್ಮ’ ಎಂಬ ಒಂದೇ ಮಾತಿನ ಕೆಳಗೆ ಸಿಡುಬೂ ಬರುತ್ತಿತ್ತು, ಸೀತಾಳ ಸಿಡುಬೂ ಬರುತ್ತಿತ್ತು, ಎಷ್ಟೋ ಮನೆಗಳಲ್ಲಿ ದಡಾರವೂ ಸೇರಿಕೊಳ್ಳುತ್ತಿತ್ತು. ಇವತ್ತು ಅದೇ ಕೋಟೆ ರಸ್ತೆಯ ಹುಡುಗಿಯೊಬ್ಬಳು ಮೆಡಿಕಲ್ ಕೋಡಿಂಗ್ ಕಲಿಯಲು ಕೂತರೆ, ಅವಳ ಮುಂದಿನ ದಪ್ಪ ಪುಸ್ತಕ ಆ ಒಂದು ಮಾತನ್ನು ಮೂರಾಗಿ ಬಿಡಿಸಿಡುತ್ತದೆ: ಸಿಡುಬಿಗೆ ಬಿ03, ಸೀತಾಳ ಸಿಡುಬಿಗೆ ಬಿ01, ದಡಾರಕ್ಕೆ ಬಿ05. ಸಿಡುಬು ಭೂಮಿಯ ಮೇಲಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ. ಕಾಯಿಲೆ ಹೋದರೂ ಬಿ03 ಪುಸ್ತಕದಲ್ಲಿ ಹಾಗೆಯೇ ಇದೆ. ಅಪ್ಪಿತಪ್ಪಿ ಮರಳಿ ಬಂದರೆ ಗುರುತಿಸಲು ಬೇಕೆಂದು ಉಳಿಸಿಕೊಂಡಿದ್ದಾರೆ. ಕೋಟೆಯಲ್ಲಿ ಮಾರಿಯ ಗದ್ದುಗೆಯೂ ಉಳಿದಿದೆ.

ರೋಗಿಯ ಕೇಸ್ ಶೀಟನ್ನು ಓದಿ, ಕಾಯಿಲೆಗೂ ಅದಕ್ಕೆ ಮಾಡಿದ ಚಿಕಿತ್ಸೆಗೂ ನಿಗದಿಯಾದ ಸಂಖ್ಯೆ ಹಚ್ಚುವುದು ಕೋಡಿಂಗ್. ಆ ಸಂಖ್ಯೆಗಳನ್ನು ಹಿಡಿದು ವಿಮಾ ಕಂಪನಿಯಿಂದಲೋ ಸರ್ಕಾರದಿಂದಲೋ ಹಣ ತರಿಸುವುದು ಬಿಲ್ಲಿಂಗ್. ಬಿ.ಎಸ್ಸಿ., ನರ್ಸಿಂಗ್, ಫಾರ್ಮಸಿ ಮುಗಿಸಿದ ಮಲೆನಾಡಿನ ಮಕ್ಕಳಿಗೆ ಇದು ಬೆಂಗಳೂರಿನ ಹೊಸ ಕೆಲಸವಾಗಿ ಕಾಣುತ್ತದೆ. ಕೆಲಸ ಹೊಸದಿರಬಹುದು, ಅದರ ಹಿಂದಿನ ವಿದ್ಯೆ ಹಳೆಯದು. ಅದರ ಒಂದು ಬೇರು ಶಿವಮೊಗ್ಗ ಜಿಲ್ಲೆಯ ಕಾಡಿನಲ್ಲೇ ಇದೆ.

ಕೋಟೆ ಪ್ರದೇಶದಲ್ಲೇ ಇರುವ ಅರಮನೆಯಿಂದ ಈ ಕಥೆಗೆ ಇಳಿಯಬಹುದು. ಶಿವಪ್ಪ ನಾಯಕನ ಅರಮನೆ ಎಂದೇ ಜನ ಕರೆಯುವ, ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿರುವ ಈ ಮರದ ಕಂಬಗಳ ಕಟ್ಟಡ ಹೈದರಾಲಿಯ ಕಾಲದ್ದೆಂದು ಇತಿಹಾಸಕಾರರು ಹೇಳುವುದುಂಟು. ಕಟ್ಟಡ ಯಾರದಾದರೂ ಇರಲಿ, 1645ರಿಂದ 1660ರವರೆಗೆ ಕೆಳದಿ ರಾಜ್ಯ ಆಳಿದ ಆ ನಾಯಕನ ಹೆಸರು ಉಳಿದದ್ದು ‘ಶಿಸ್ತಿ’ನಿಂದ. ಶಿಸ್ತು ಎಂದರೆ ಕಂದಾಯದ ಕ್ರಮ. ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರಿನ ಪ್ರಕಾರ, ಊರೂರಲ್ಲೂ ಒಂದೊಂದು ಬಗೆಯ ಹೊಲವನ್ನು ಆರಿಸಿ, 12 ವರ್ಷ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ತಗುಲಿದ ಖರ್ಚೆಷ್ಟು, ಬೆಳೆದದ್ದೆಷ್ಟು ಎಂದು ಲೆಕ್ಕ ಬರೆಸಿದ. ಆಮೇಲೆ ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗತಿ ಮಾಡಿ, ತರಗತಿಗೊಂದು ದರ ಕಟ್ಟಿದ.

ಮುನ್ನೂರು ವರ್ಷಗಳ ಮೇಲೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಫೆಟ್ಟರ್ ಮತ್ತು ಜಾನ್ ಥಾಂಪ್ಸನ್ ಎಂಬಿಬ್ಬರು ಆಸ್ಪತ್ರೆಯ ರೋಗಿಗಳಿಗೆ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಸಾವಿರಾರು ರೋಗಿಗಳ ದಾಖಲೆ ತೆಗೆದು, ಒಂದೇ ತೆರನ ಚಿಕಿತ್ಸೆ, ಒಂದೇ ತೆರನ ಖರ್ಚು ಬೀಳುವವರನ್ನು ಗುಂಪು ಮಾಡಿದರು. 1983ರಿಂದ ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ಆ ಗುಂಪಿಗೆ ಇಷ್ಟು ಎಂದು ಆಸ್ಪತ್ರೆಗಳಿಗೆ ಹಣ ಕೊಡತೊಡಗಿತು. ದೀರ್ಘಕಾಲದ ದಾಖಲೆ, ದಾಖಲೆಯಿಂದ ತರಗತಿ, ತರಗತಿಗೆ ಕಟ್ಟಿದ ದರ. ಶಿಸ್ತಿನ ನಾಡಿನವರಿಗೆ ಈ ತರ್ಕವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಹೊಲವನ್ನು ವಿಂಗಡಿಸಿದಷ್ಟು ಸುಲಭವಾಗಿ ಸಾವನ್ನು ವಿಂಗಡಿಸಲು ಬರಲಿಲ್ಲ. ಹಳೆಯ ಲಂಡನ್ನಿನಲ್ಲಿ ಯಾರಾದರೂ ಸತ್ತರೆ ಚರ್ಚಿನ ಕೇರಿಯ ಇಬ್ಬರು ಮುದುಕಿಯರು ಹೋಗಿ ಹೆಣ ನೋಡಿ, ಮನೆಯವರನ್ನು ಕೇಳಿ, ಸಾವಿನ ಕಾರಣ ಹೇಳಬೇಕಿತ್ತು. ಓದು ಬರಹ ಬಾರದ ಬಡ ಹೆಂಗಸರು ಅವರು. ಅವರು ಹೇಳಿದ್ದೇ ವಾರವಾರ ಅಚ್ಚಾಗುವ ಸಾವಿನ ಪಟ್ಟಿಗೆ ಸೇರುತ್ತಿತ್ತು. ಹಲ್ಲು ಮೂಡುವಾಗ ಸತ್ತ ಕೂಸು ‘ಹಲ್ಲು’ ಎಂಬ ಸಾಲಿಗೆ ಹೋಗುತ್ತಿತ್ತು. ಜಾನ್ ಗ್ರಾಂಟ್ ಎಂಬ ವ್ಯಾಪಾರಿ ಈ ಪಟ್ಟಿಗಳನ್ನೆಲ್ಲ ಕೂಡಿಹಾಕಿ, 1662ರಲ್ಲಿ ಪುಸ್ತಕ ಬರೆದು, ಸಾವಿನ ಲೆಕ್ಕದಿಂದ ಊರಿನ ಆರೋಗ್ಯ ತಿಳಿಯಬಹುದೆಂದು ತೋರಿಸಿದ. ರೋಗಕ್ಕೆ ಮೊದಲು ಹೆಸರು ಹಚ್ಚಿ ಲೆಕ್ಕಕ್ಕೆ ಕೊಟ್ಟ ಆ ಅನಾಮಿಕ ಮುದುಕಿಯರನ್ನು ಈ ಕಸುಬಿನ ಮೂಲಸ್ತ್ರೀಯರೆನ್ನಬೇಕು.

ಮೈಸೂರು ಸಂಸ್ಥಾನದಲ್ಲಿ ಆ ಜಾಗದಲ್ಲಿ ನಿಂತವರು ಪಟೇಲರು, ಶಾನುಭೋಗರು. ಊರಿನಲ್ಲಿ ಹುಟ್ಟಿದವರು, ಸತ್ತವರು ಅವರ ದಫ್ತರಕ್ಕೆ ಬರಬೇಕು. 19ನೇ ಶತಮಾನದ ಕೊನೆಯ ದಶಕಗಳ ಸರ್ಕಾರಿ ವರದಿಗಳಲ್ಲಿ ಸಾವಿಗೆ ಇದ್ದ ಕಾಲಮ್ಮುಗಳು ಬೆರಳೆಣಿಕೆಯವು: ಕಾಲರಾ, ಸಿಡುಬು, ಜ್ವರ, ಭೇದಿ, ಗಾಯ, ಉಳಿದದ್ದೆಲ್ಲ ‘ಇತರೆ’. ಆಮೇಲೆ ಪ್ಲೇಗು ಬಂದು ತನಗೊಂದು ಕಾಲಂ ಮಾಡಿಸಿಕೊಂಡಿತು. ಇವುಗಳಲ್ಲಿ ಎಲ್ಲವನ್ನೂ ನುಂಗುತ್ತಿದ್ದುದು ಜ್ವರದ ಕಾಲಂ. ಮಲೇರಿಯಾದಿಂದ ಸತ್ತವರೂ ಅಲ್ಲಿ, ಟೈಫಾಯ್ಡಿನವರೂ ಅಲ್ಲಿ, ನ್ಯುಮೋನಿಯಾದವರೂ ಅಲ್ಲಿ. ‘ಮಲೆನಾಡಿನ ಜ್ವರ’ಕ್ಕೆ ಹೆದರಿ ಬಯಲುಸೀಮೆಯವರು ಇತ್ತ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲ ಅದು. ಶಾನುಭೋಗರನ್ನು ದೂರಿ ಫಲವಿಲ್ಲ. ವೈದ್ಯರೇ ಕಾಣದ ಹಳ್ಳಿಯಲ್ಲಿ ಅವರಾದರೂ ಏನು ಬರೆದಾರು? ಆದರೆ ಆ ಕಾಲಮ್ಮಿನೊಳಗೆ ಯಾವ ಯಾವ ಕಾಯಿಲೆ ಅಡಗಿತ್ತೆಂದು ಇನ್ನು ಬಿಡಿಸಿ ನೋಡಲು ದಾರಿಯಿಲ್ಲ.

ಇದೇ ಕೊರಗು ಯೂರೋಪಿನಲ್ಲೂ ಇತ್ತು. ಇಂಗ್ಲೆಂಡಿನ ನೋಂದಣಿ ಕಚೇರಿಯ ವಿಲಿಯಂ ಫಾರ್ 1839ರಲ್ಲೇ, ವಿಜ್ಞಾನಕ್ಕೆ ತೂಕ ಅಳತೆಗಳು ಎಷ್ಟು ಮುಖ್ಯವೋ ರೋಗಗಳಿಗೆ ಸ್ಥಿರವಾದ ಹೆಸರೂ ಅಷ್ಟೇ ಮುಖ್ಯ ಎಂದು ವಾದಿಸಿದ. ಪ್ಯಾರಿಸ್ ನಗರದ ಅಂಕಿಅಂಶಗಳ ಮುಖ್ಯಸ್ಥ ಜಾಕ್ ಬರ್ಟಿಯೋನ್ 1893ರಲ್ಲಿ ಷಿಕಾಗೋದಲ್ಲಿ ನಡೆದ ಅಂತಾರಾಷ್ಟ್ರೀಯ ಸಭೆಗೆ ಸಾವಿನ ಕಾರಣಗಳ ಪಟ್ಟಿಯೊಂದನ್ನು ಒಪ್ಪಿಸಿದ. (ಬೆರಳಚ್ಚಿಗೂ ಮುಂಚೆ ಅಪರಾಧಿಗಳ ಮೈ ಅಳತೆ ಹಿಡಿದು ಗುರುತಿಸುವ ಪದ್ಧತಿ ತಂದ ಅಲ್ಫಾನ್ಸ್ ಬರ್ಟಿಯೋನ್ ಇವನ ತಮ್ಮ. ವಿಂಗಡಿಸುವುದು ಆ ಮನೆತನದ ಗುಣವಿರಬೇಕು.) 1900ರಲ್ಲಿ ಪ್ಯಾರಿಸ್ಸಿನಲ್ಲಿ ಹಲವು ದೇಶಗಳು ಕೂತು ಆ ಪಟ್ಟಿಯನ್ನು ಒಪ್ಪಿ, ಹತ್ತು ವರ್ಷಕ್ಕೊಮ್ಮೆ ತಿದ್ದಬೇಕೆಂದು ಗೊತ್ತುಮಾಡಿಕೊಂಡವು. 1948ರಲ್ಲಿ ಆರನೆಯ ಪರಿಷ್ಕರಣೆ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು. ಅಲ್ಲಿಯವರೆಗೆ ಮುಖ್ಯವಾಗಿ ಸಾವಿನ ಪಟ್ಟಿಯಾಗಿದ್ದದ್ದು ಅಂದಿನಿಂದ ಬದುಕಿರುವವರ ಕಾಯಿಲೆಯ ಪಟ್ಟಿಯೂ ಆಯಿತು. ಐಸಿಡಿ ಎಂದು ಕೋಡಿಂಗ್ ಕಲಿಯುವವರು ದಿನಕ್ಕೆ ನೂರು ಸಲ ಹೇಳುವುದು ಈ ಪಟ್ಟಿಯನ್ನೇ.

ಅದಾಗಿ ಒಂಬತ್ತು ವರ್ಷಕ್ಕೆ ಆ ಪಟ್ಟಿಗೆ ಶಿವಮೊಗ್ಗ ಜಿಲ್ಲೆಯ ಕಾಡು ತನ್ನ ಹೆಸರು ಬರೆಸಲು ಹೊರಟಿತು.

1957ರ ಬೇಸಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಮುಸಿಯ ಸತ್ತಿತು, ಕೆಂಪು ಮೋತಿಯ ಕೋತಿ ಸತ್ತಿತು. ಸುತ್ತಲ ಹಳ್ಳಿಗಳಲ್ಲಿ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋಗಿ ಬಂದವರು ಸುಡುವ ಜ್ವರ, ತಲೆ ಸಿಡಿತ, ಸೊಂಟ ಮುರಿದಂಥ ನೋವಿನಿಂದ ಮಲಗಿದರು. ಕೆಲವರ ವಸಡಿನಿಂದ, ಮೂಗಿನಿಂದ ರಕ್ತ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಆರಂಭಿಸಿದ್ದ ಕೇಂದ್ರ ಅದು. ಮಂಗಗಳು ಸಾಯುತ್ತಿವೆ, ಜನಕ್ಕೆ ಜ್ವರ ಬರುತ್ತಿದೆ ಎಂದು ಕೇಳಿದ ಕೂಡಲೇ ಅಲ್ಲಿನವರ ಎದೆ ನಡುಗಿದ್ದು ಒಂದೇ ಅನುಮಾನಕ್ಕೆ: ಏಷ್ಯಾವನ್ನು ಅದುವರೆಗೆ ಮುಟ್ಟದಿದ್ದ ಹಳದಿ ಜ್ವರ ಬಂದೇಬಿಟ್ಟಿತೆ?

ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಂಗಡಿಗರು ಮಲೆನಾಡಿಗೆ ಬಂದರು. ಸತ್ತ ಮಂಗಗಳನ್ನು ಕೊಯ್ದು ನೋಡಿದರು, ರೋಗಿಗಳ ರಕ್ತ ತೆಗೆದರು, ಎಲೆಗಸದ ಮೇಲೆ ಬಟ್ಟೆ ಎಳೆದು ಉಣ್ಣೆ ಹಿಡಿದರು. ಹಳದಿ ಜ್ವರ ಆಗಿರಲಿಲ್ಲ. ಸಿಕ್ಕಿದ್ದು ಉಣ್ಣೆಯಿಂದ ಹರಡುವ ಹೊಸ ವೈರಸ್, ರಷ್ಯಾದ ಕಾಡುಗಳ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನಂಟು. ಹರಡುವ ಉಣ್ಣೆ ಮುಖ್ಯವಾಗಿ ಹಿಮಾಫೈಸಾಲಿಸ್ ಸ್ಪಿನಿಜೆರಾ. ಸತ್ತ ಮಂಗ ಸಿಕ್ಕ ಕಾಡಿನ ಹೆಸರನ್ನೇ ಕಾಯಿಲೆಗೂ ಇಟ್ಟರು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ಊರವರು ಅವರಿಗಿಂತ ನೇರವಾಗಿ ಮಂಗನ ಕಾಯಿಲೆ ಎಂದರು. ಸಾಗರದಲ್ಲಿ ಸಂಶೋಧನೆಗೆ ಕ್ಷೇತ್ರ ಕೇಂದ್ರವೂ ಆಯಿತು.

1957ಕ್ಕೆ ಮುಂಚೆ ಈ ಭಾಗದಲ್ಲಿ ಅದೇ ಕಾಯಿಲೆಯಿಂದ ಯಾರಾದರೂ ಸತ್ತಿದ್ದರೆ, ಅವರೆಲ್ಲ ಜ್ವರದ ಕಾಲಮ್ಮಿಗೇ ಹೋಗಿರುತ್ತಾರೆ. ಹೆಸರು ಸಿಕ್ಕ ಮೇಲೆ ಲೆಕ್ಕ ಹುಟ್ಟಿತು. ಲೆಕ್ಕ ಹುಟ್ಟಿದ್ದರಿಂದ ಡಿಸೆಂಬರಿನಿಂದ ಮೇ ವರೆಗೆ ಇದರ ಕಾಲವೆಂದು ಗೊತ್ತಾಯಿತು, 1982ರ ಹೊತ್ತಿಗೆ ಬೆಳ್ತಂಗಡಿ ಕಡೆಗೆ ಹರಡಿದ್ದು ಗೊತ್ತಾಯಿತು, ಇತ್ತೀಚೆಗೆ ಬಂಡೀಪುರ, ವಯನಾಡು, ಗೋವಾಗಳನ್ನು ಮುಟ್ಟಿದ್ದೂ ಗೊತ್ತಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವು ಬಿದ್ದಾಗ ಇಡೀ ರಾಜ್ಯ ಅತ್ತ ತಿರುಗಿ ನೋಡಿದ್ದಕ್ಕೂ ಕಾಯಿಲೆಗೆ ಹೆಸರಿದ್ದದ್ದೇ ಕಾರಣ. ಹಳೆಯ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದ ತೀರ್ಮಾನದ ಹಿಂದೆಯೂ ಇಂಥ ಎಣಿಕೆಯೇ ಇದೆ.

ಐಸಿಡಿಯ ಒಂಬತ್ತನೆಯ ಪರಿಷ್ಕರಣೆಯಲ್ಲಿ ಇದರ ಸಂಖ್ಯೆ 065.2. ಹತ್ತನೆಯದರಲ್ಲಿ ಎ98.2. ಆ ಪುಟದ ಅಕ್ಕಪಕ್ಕ ನೋಡಿದರೆ ಒಂದು ಭೂಪಟವೇ ತೆರೆದುಕೊಳ್ಳುತ್ತದೆ. ಎ98.0 ಕ್ರೈಮಿಯಾ ಮತ್ತು ಕಾಂಗೋ, ಎ98.1 ರಷ್ಯಾದ ಓಮ್‌ಸ್ಕ್, ಎ98.2 ಸೊರಬದ ಕ್ಯಾಸನೂರು, ಎ98.3 ಜರ್ಮನಿಯ ಮಾರ್ಬರ್ಗ್, ಎ98.4 ಕಾಂಗೋದ ನದಿ ಎಬೋಲಾ. ಊರಿನ ಹೆಸರು ಕಾಯಿಲೆಗೆ ಅಂಟಿದರೆ ಆ ಊರಿನವರಿಗೆ ಕಳಂಕ ತಟ್ಟುತ್ತದೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿ, ಹೊಸ ಕಾಯಿಲೆಗಳಿಗೆ ಊರ ಹೆಸರು ಇಡಬಾರದೆಂದಿತು. ಸರಿಯಾದ ಮಾತೇ. ಕ್ಯಾಸನೂರು ಮಾತ್ರ ಅದಕ್ಕೂ ಮುಂಚೆ ಪಟ್ಟಿ ಸೇರಿಬಿಟ್ಟಿತ್ತು. ಎಲ್ಲೋ ಅಮೆರಿಕದ ಆಸ್ಪತ್ರೆಯ ಬಿಲ್ಲಿಗಾಗಿ ಈ ಪುಸ್ತಕ ತಿರುವುವ ಶಿವಮೊಗ್ಗದ ವಿದ್ಯಾರ್ಥಿಗೆ ಅಲ್ಲಿ ತನ್ನ ಜಿಲ್ಲೆಯ ಕಾಡು ಎದುರಾಗುತ್ತದೆ.

ಅಮೆರಿಕದ ಬಿಲ್ಲು ಇಲ್ಲಿಗೇಕೆ ಬಂತು ಎಂಬುದನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. 1965ರಲ್ಲಿ ಮೆಡಿಕೇರ್ ಬಂತು. 1966ರಲ್ಲಿ ಅಲ್ಲಿನ ವೈದ್ಯರ ಸಂಘ ಚಿಕಿತ್ಸೆಗಳಿಗೆ ಸಿಪಿಟಿ ಎಂಬ ಸಂಖ್ಯೆಗಳನ್ನು ಹೊರತಂದಿತು. 1996ರ ಹಿಪಾ ಕಾಯ್ದೆ ಬಿಲ್ಲುಗಳು ಕಂಪ್ಯೂಟರಿನಲ್ಲಿ ಒಂದೇ ಮಾದರಿಯಲ್ಲಿ ಹೋಗುವಂತೆ ಮಾಡಿತು. ಕಾಗದವಿಲ್ಲದ ಮೇಲೆ ಕಡತ ಎಲ್ಲಿ ಕೂತಾದರೂ ಓದಬಹುದು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ವೈದ್ಯರ ಧ್ವನಿ ಕೇಳಿ ಟೈಪು ಮಾಡುವ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ತಲೆಯೆತ್ತಿತು. ಅದರ ಬೆನ್ನಿಗೇ ಕೋಡಿಂಗ್ ಬಂತು. ಈ ಕ್ಷೇತ್ರದ ದೊಡ್ಡ ಕಂಪನಿಗಳಲ್ಲೊಂದಾದ ಒಮೆಗಾ ಹೆಲ್ತ್‌ಕೇರ್ ಬೆಂಗಳೂರಿನಲ್ಲಿ ಶುರುವಾದದ್ದು 2003ರಲ್ಲಿ. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿ-10ಕ್ಕೆ ಬದಲಾದಾಗ ರೋಗಗಳ ಸಂಖ್ಯೆಗಳು ಸುಮಾರು 14 ಸಾವಿರದಿಂದ ಸುಮಾರು 70 ಸಾವಿರಕ್ಕೆ ಏರಿದವು. ಓದುವ ಕಣ್ಣುಗಳು ಅಷ್ಟೇ ಹೆಚ್ಚು ಬೇಕಾದವು.

ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ: ಕೋಡರುಗಳ ಕೆಲಸ ಸಾಮಾನ್ಯವಾಗಿ ಹಗಲಿನದು. ರಾತ್ರಿ ಪಾಳಿ ಬೀಳುವುದು ಅಮೆರಿಕದ ವಿಮಾ ಕಂಪನಿಗೆ ಫೋನು ಮಾಡಿ ‘ಈ ಕ್ಲೇಮ್ ಯಾಕೆ ತಳ್ಳಿಹಾಕಿದಿರಿ’ ಎಂದು ಕೇಳುವ ಎಆರ್ ಕಾಲರುಗಳಿಗೆ. ಮಗಳನ್ನು ಕಳಿಸಲೋ ಬೇಡವೋ ಎಂದು ತೂಗುವ ಭದ್ರಾವತಿಯ ತಂದೆತಾಯಿಗೆ ಇದು ದೊಡ್ಡ ವ್ಯತ್ಯಾಸ.

ಭದ್ರಾವತಿಗೆ ಬಿಲ್ಲಿನ ಪರಿಚಯವಾದದ್ದೇ ತಡವಾಗಿ. 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯಿತು, 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕಬ್ಬಿಣದ ಕಾರ್ಖಾನೆಯವರಿಗೆ ನ್ಯೂಟೌನಿನಲ್ಲಿ ಕಾರ್ಖಾನೆಯದೇ ಆಸ್ಪತ್ರೆ. ಕಾದ ಲೋಹ ಸಿಡಿದು ಸುಟ್ಟರೆ ಕಾರ್ಮಿಕ ಅಲ್ಲಿಗೆ ಹೋಗುತ್ತಿದ್ದ, ಪಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದ. ಅದಕ್ಕೆ ತಗುಲಿದ್ದೆಷ್ಟು ಎಂಬ ಕಾಗದ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಕೋಡಿಂಗ್ ಪುಸ್ತಕದಲ್ಲಿ ಆ ಗಾಯಕ್ಕೂ ಜಾಗವಿದೆ: ಸುಟ್ಟ ಅಂಗಕ್ಕೆ ಟಿ20ರಿಂದ ಟಿ25ರವರೆಗಿನ ಸಂಖ್ಯೆ, ಮೈಯ ಎಷ್ಟು ಭಾಗ ಸುಟ್ಟಿತೆನ್ನಲು ಟಿ31, ಕಾದ ಲೋಹ ತಾಗಿತೆನ್ನಲು ಎಕ್ಸ್18. ಕಾಗದ ಕಾರ್ಖಾನೆ 2015ರ ಸುಮಾರಿಗೆ ನಿಂತಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಧರಣಿ ಕೂತರು. ಕಂಪನಿಯ ನೆರಳು ಸರಿದ ಮನೆಗಳು ಕಾರ್ಡು, ಪ್ಯಾಕೇಜು, ಪ್ರೀ-ಆಥ್ (ಚಿಕಿತ್ಸೆಗೆ ಮುಂಚಿನ ಒಪ್ಪಿಗೆ) ಎಂಬ ಮಾತುಗಳನ್ನು ಕಲಿಯಬೇಕಾಯಿತು.

ಕರ್ನಾಟಕಕ್ಕೆ ಈ ಮಾತುಗಳನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕಲಿಸಿದ್ದು ಯಶಸ್ವಿನಿ. 2003ರ ಜೂನ್ 1ರಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತ ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ, 1,600ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಪಟ್ಟಿಯಲ್ಲಿ ಬೇಕಾದದ್ದು ನಗದಿಲ್ಲದೆ ಸಿಗುತ್ತಿತ್ತು. ಡಾ. ದೇವಿ ಶೆಟ್ಟಿಯವರ ಆಲೋಚನೆ, ಎಸ್.ಎಂ. ಕೃಷ್ಣ ಸರ್ಕಾರದ ಒತ್ತಾಸೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಪ್ರತಿ ಶಸ್ತ್ರಚಿಕಿತ್ಸೆಗೂ ಮೊದಲೇ ಕಟ್ಟಿದ ದರ. ಶಿಸ್ತು ಮತ್ತೆ ಬಂತು, ಈ ಸಲ ಹೊಲದಿಂದ ಹೊಟ್ಟೆಗೆ, ಹೃದಯಕ್ಕೆ. 2018ರಲ್ಲಿ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತವೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಆಗಿನ ಪಟ್ಟಿಯಲ್ಲಿ 1,650 ಚಿಕಿತ್ಸೆಗಳು. ಪ್ರತಿಯೊಂದಕ್ಕೂ ಗುಂಪು, ಸಂಖ್ಯೆ, ದರ. ತುರ್ತು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಡ. ಉಳಿದ ಬಹುಪಾಲಿಗೆ ಖಾಸಗಿ ಆಸ್ಪತ್ರೆಗೆ ಹೋಗಲು ಅದು ಬೇಕು. ಅಂದರೆ ರೋಗಿಯ ಕಾಯಿಲೆ ಯಾವ ಗುಂಪಿಗೆ ಬೀಳುತ್ತದೆ ಎಂಬುದರ ಮೇಲೆ, ಅವನು ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಬರಬೇಕೋ ನೇರ ಖಾಸಗಿ ಆಸ್ಪತ್ರೆಗೆ ದಾಖಲಾಗಬಹುದೋ ಎಂಬುದೂ ನಿಂತಿದೆ. ಆಸ್ಪತ್ರೆಯ ಬಾಗಿಲಲ್ಲಿ ಕೂತ, ಯೋಜನೆಯ ಸಹಾಯಕನಾದ ಆರೋಗ್ಯಮಿತ್ರನ ಕಂಪ್ಯೂಟರ್ ಮುಂದೆ ಆಧಾರ್ ಕಾರ್ಡು ಹಿಡಿದು ನಿಂತವರಿಗೆ ಕೋಡು ದೂರದ ಅಮೆರಿಕದ ಮಾತಲ್ಲ.

ಕಲಿಕೆ ಹೇಗಿರುತ್ತದೆಂಬುದನ್ನು ಒಂದು ಕೇಸ್ ಶೀಟಿನ ಹತ್ತಿರ ಕೂತು ನೋಡಬೇಕು. ಅಭ್ಯಾಸಕ್ಕೆಂದು ಇಂಥದೊಂದು ಇಟ್ಟುಕೊಳ್ಳೋಣ: ಕೊಯ್ಲಿನ ಕಾಲ, ಕೊನೆಗಾರನೊಬ್ಬ ಅಡಿಕೆ ಮರದಿಂದ ಬಿದ್ದು ಸೊಂಟದ ಮೇಲಿನ ಮೂಳೆ ಜಜ್ಜಿಕೊಂಡಿದ್ದಾನೆ. ಮಲೆನಾಡಿನ ಮೂಳೆ ವಾರ್ಡುಗಳು ಚೆನ್ನಾಗಿ ಬಲ್ಲ ಗಾಯ. ವೈದ್ಯರು ಬರೀ ‘ಲಂಬಾರ್ ಫ್ರ್ಯಾಕ್ಚರ್’ ಎಂದು ಗೀಚಿದ್ದರೆ ಕೋಡರ್ ಹಾಕಬಲ್ಲದ್ದು ಎಸ್32.009ಎ, ಎಂದರೆ ಯಾವ ಮೂಳೆ, ಎಂಥ ಮುರಿತ ಎಂಬುದು ತಿಳಿಯದು. ‘ಎಲ್1’ ಎಂದು ಸೇರಿಸಿದ್ದರೆ ಎಸ್32.019ಎ. ‘ಎಲ್1 ವೆಜ್ ಕಂಪ್ರೆಷನ್’ ಎಂದು ಪೂರ್ತಿ ಬರೆದಿದ್ದರೆ ಎಸ್32.010ಎ. ಕೊನೆಯ ‘ಎ’ ಅಕ್ಷರ, ಗಾಯಕ್ಕೆ ಈಗಿನ್ನೂ ಮೂಲ ಚಿಕಿತ್ಸೆ ನಡೆಯುತ್ತಿದೆ ಎನ್ನುತ್ತದೆ. ಮೂಳೆ ಕೂಡುತ್ತಿರುವಾಗ ತಪಾಸಣೆಗೆ ಬಂದರೆ ಅದು ‘ಡಿ’ ಆಗುತ್ತದೆ. ಚರ್ಮ ಸೀಳಿ ಮೂಳೆ ಹೊರಬಂದಿತ್ತೆ? ಬರೆದಿಲ್ಲದಿದ್ದರೆ ಇಲ್ಲವೆಂದೇ ಹಿಡಿಯಬೇಕೆಂಬುದು ನಿಯಮ. ಇನ್ನು ಬಿದ್ದದ್ದೆಲ್ಲಿಂದ? ಮರದಿಂದ ಬೀಳುವುದಕ್ಕೇ ಒಂದು ಸಂಖ್ಯೆ ಇದೆ, ಡಬ್ಲ್ಯು14. ಅದಕ್ಕೆ ಏಳನೆಯ ಅಕ್ಷರ ಹಚ್ಚಬೇಕಾದ್ದರಿಂದ ನಡುವಿನ ಖಾಲಿ ಜಾಗಕ್ಕೆ ಮೂರು ಎಕ್ಸ್ ತುಂಬಿ ಡಬ್ಲ್ಯು14.ಎಕ್ಸ್‌ಎಕ್ಸ್‌ಎಕ್ಸ್‌ಎ ಎಂದು ಬರೆಯುತ್ತಾರೆ. ಕೋಡರ್ ರೋಗಿಯನ್ನು ಕಾಣುವುದಿಲ್ಲ, ವೈದ್ಯರ ಮನಸ್ಸಿನಲ್ಲಿದ್ದದ್ದನ್ನು ಊಹಿಸುವ ಹಾಗೂ ಇಲ್ಲ. ಬರೆದಿದ್ದರೆ ಉಂಟು, ಬರೆಯದಿದ್ದರೆ ಆಗಿಲ್ಲವೆಂದೇ ಲೆಕ್ಕ.

ಆ ನಿಯಮದ ಬಿಗಿ ಮಂಗನ ಕಾಯಿಲೆಯ ಹತ್ತಿರ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಮೆರಿಕದ ಕೋಡಿಂಗ್ ನಿಯಮದ ಪ್ರಕಾರ ಹೊರರೋಗಿ ವಿಭಾಗದಲ್ಲಿ ‘ಇರಬಹುದು’, ‘ಶಂಕಿತ’ ಎಂದು ಬರೆದ ಕಾಯಿಲೆಗೆ ಅದರ ಸಂಖ್ಯೆ ಹಾಕುವಂತಿಲ್ಲ, ಕಂಡ ಲಕ್ಷಣಕ್ಕೆ ಮಾತ್ರ ಹಾಕಬೇಕು. ‘ಶಂಕಿತ ಕೆಎಫ್‌ಡಿ, ಜ್ವರ’ ಎಂಬ ಚೀಟಿಯನ್ನು ಅಭ್ಯಾಸಕ್ಕೆ ಕೊಟ್ಟರೆ ವಿದ್ಯಾರ್ಥಿ ಬರೆಯಬೇಕಾದದ್ದು ಆರ್50.9, ಬರೀ ಜ್ವರ. ಲ್ಯಾಬಿನ ವರದಿ ಬಂದು ವೈದ್ಯರು ಖಚಿತಪಡಿಸಿ ಬರೆದ ಮೇಲಷ್ಟೇ ಎ98.2. ಶಾನುಭೋಗರ ಜ್ವರದ ಕಾಲಂ ಇನ್ನೂ ಮುಚ್ಚಿಲ್ಲ. ಆದರೆ ಆಗ ಅದು ಕೊನೆಯ ನಿಲ್ದಾಣ, ಈಗ ರಕ್ತದ ಮಾದರಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೋಗಿ ಬರುವವರೆಗಿನ ತಂಗುದಾಣ.

ಈ ವಿದ್ಯೆಯ ಹೆಸರುವಾಸಿ ಪರೀಕ್ಷೆ ಸಿಪಿಸಿ. ಅದನ್ನು ನಡೆಸುವ ಎಎಪಿಸಿ ಎಂಬ ಅಮೆರಿಕದ ಸಂಸ್ಥೆ 1988ರದು. 100 ಪ್ರಶ್ನೆ, 4 ಗಂಟೆ, ಪಾಸಾಗಲು 70 ಅಂಕ. ಕೋಡು ಪುಸ್ತಕಗಳನ್ನು ತೆರೆದಿಟ್ಟುಕೊಂಡೇ ಬರೆಯಬಹುದು. ಬಾಯಿಪಾಠಕ್ಕೆ ಅಲ್ಲಿ ಬೆಲೆಯಿಲ್ಲ. ದೇಹರಚನೆ ಗೊತ್ತಿರಬೇಕು, ಪುಸ್ತಕದ ಸಣ್ಣ ಅಕ್ಷರದ ಟಿಪ್ಪಣಿ ಓದುವ ತಾಳ್ಮೆ ಬೇಕು, ವೈದ್ಯರ ಇಂಗ್ಲಿಷಿಗೆ ಕಿವಿ ಕಣ್ಣು ಪಳಗಿರಬೇಕು. ಕೆಲಸದ ಅನುಭವವಿಲ್ಲದೆ ಪಾಸಾದವರ ಹೆಸರಿನ ಮುಂದೆ ‘ಸಿಪಿಸಿ-ಎ’ ಎಂದಿರುತ್ತದೆ. ಆ ‘ಎ’ ಶಿಷ್ಯವೃತ್ತಿಯ ಗುರುತು, ಅನುಭವ ತೋರಿಸಿದ ಮೇಲೆ ತೆಗೆಯುತ್ತಾರೆ. ಮೂರು ತಿಂಗಳಲ್ಲಿ ಕೈತುಂಬ ಸಂಬಳ ಎಂಬ ಜಾಹೀರಾತು ಕಂಡವರು ಮೊದಲು ಈ ‘ಎ’ ಬಗ್ಗೆ ವಿಚಾರಿಸುವುದು ಒಳ್ಳೆಯದು. ಇನ್ನೊಂದು ದಾರಿ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನ ಡಿಎಂಆರ್‌ಟಿ, ಅಂದರೆ ವೈದ್ಯಕೀಯ ದಾಖಲೆಗಳ ಡಿಪ್ಲೊಮಾ. ಅಮೆರಿಕದ ಬಿಲ್ಲಿನಷ್ಟು ಹೊಳಪು ಇದಕ್ಕಿಲ್ಲ. ಊರಿಗೆ ಹೆಚ್ಚು ಬೇಕಾದದ್ದು ಮಾತ್ರ ಇದೇ ಎಂದು ಧೈರ್ಯವಾಗಿ ಹೇಳಬಹುದು.

ಯಾಕೆಂದರೆ ನಮ್ಮ ಸಾವಿನ ಲೆಕ್ಕ ಇನ್ನೂ ಸೋರುತ್ತಿದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ 22.5ಕ್ಕೆ ಮಾತ್ರ. ಆಸ್ಪತ್ರೆಯಲ್ಲಿ ಸತ್ತರೆ ತುಂಬುವ ನಮೂನೆ 4ರಲ್ಲಿ ಸಾವಿಗೆ ಕೊನೆಗೆ ಆದದ್ದೇನು, ಅದಕ್ಕೆ ಮೂಲವೇನು ಎಂದು ಮೆಟ್ಟಿಲು ಮೆಟ್ಟಿಲಾಗಿ ಬರೆಯಲು ಸಾಲುಗಳಿವೆ. ಆ ಸಾಲುಗಳಲ್ಲಿ ಬರೀ ‘ಹೃದಯ ಸ್ತಂಭನ’ ಎಂದು ಬರೆದು ಮುಗಿಸುವ ರೂಢಿ ದೇಶದ ಉದ್ದಕ್ಕೂ ಇದೆ. ಎಲ್ಲ ಸಾವಿನಲ್ಲೂ ಹೃದಯ ನಿಂತೇ ನಿಲ್ಲುತ್ತದೆ. ಅದರಿಂದ ಮೂಲ ಕಾಯಿಲೆ ತಿಳಿಯುವುದಿಲ್ಲ. ಅಂಥ ಪ್ರಮಾಣಪತ್ರಕ್ಕೆ ಯಾವ ಕೋಡರೂ ಬೆಲೆ ತುಂಬಲಾರ. 2023ರ ತಿದ್ದುಪಡಿ ಎಲ್ಲ ಆಸ್ಪತ್ರೆಗಳೂ ಕಾರಣದ ಪ್ರಮಾಣಪತ್ರ ಕೊಡಬೇಕೆಂದು ಕಡ್ಡಾಯ ಮಾಡಿದೆ. ಪತ್ರ ಕಡ್ಡಾಯವಾಯಿತು, ಅದನ್ನು ಸರಿಯಾಗಿ ಬರೆಯುವವರು ಮತ್ತು ಓದುವವರು ಇನ್ನು ಊರೂರಲ್ಲಿ ತಯಾರಾಗಬೇಕು.

ಅದಕ್ಕಾಗಿ ಶಿವಮೊಗ್ಗ, ಭದ್ರಾವತಿಯಿಂದ ಕೋಡಿಂಗ್ ಕಲಿಯಲು ಹೊರಡುವ ಮಕ್ಕಳಲ್ಲಿ ಒಂದು ಕೋರಿಕೆ: ಬೆಂಗಳೂರಿನ ಕೆಲಸ ಮಾಡಿ, ಆದರೆ ಕಲಿತದ್ದನ್ನು ಮರಳಿ ಈ ಜಿಲ್ಲೆಯ ಆಸ್ಪತ್ರೆಗಳ ದಾಖಲೆ ಕೊಠಡಿಗೂ ತನ್ನಿ. ಓದುಗರು ಮಾಡಬಹುದಾದದ್ದು ಇನ್ನೂ ಸುಲಭ. ಮನೆಯವರನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ಬರುವಾಗ ಡಿಸ್ಚಾರ್ಜ್ ಸಮ್ಮರಿಯ ‘ಡಯಾಗ್ನೋಸಿಸ್’ ಎಂಬ ಸಾಲನ್ನು ಕೌಂಟರಿನಲ್ಲೇ ನಿಂತು ಓದಿ. ಕಾಯಿಲೆಯ ಹೆಸರು ಪೂರ್ತಿ ಇದೆಯೇ, ಎಡವೋ ಬಲವೋ ಬರೆದಿದ್ದಾರೆಯೇ, ಬಿದ್ದ ಗಾಯವಾದರೆ ಹೇಗೆ ಬಿದ್ದದ್ದೆಂದು ಇದೆಯೇ ನೋಡಿ. ಇಲ್ಲದಿದ್ದರೆ ಬರೆಸಿಕೊಳ್ಳಿ, ಅದರ ಒಂದು ಪ್ರತಿ ಮನೆಯಲ್ಲಿ ಜೋಪಾನವಾಗಿಡಿ.